ವಿಚ್ಛೇದನದ ನಂತರ ಮಕ್ಕಳು

(ಸಂಘದ ವಾರ್ಷಿಕ ಸಭೆಯ ಅಂಗವಾಗಿ ನಡೆದ ಕಾನೂನು ಮಾಹಿತಿ ಕಾರ್ಯಕ್ರಮದಲ್ಲಿ ವಕೀಲರೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)



ಪ್ರತಿಭಾ ಪುರಸ್ಕಾರದ ದಿನ ವಿಚ್ಛೇದನದ ಮಾತೇಕೆ ಎಂದು ಕೆಲವರಿಗೆ ಅನಿಸಿರಬಹುದು. ನನಗೂ ಸ್ವಲ್ಪ ಅಳುಕಿತ್ತು. ಆದರೆ ವಿದ್ಯಾರ್ಥಿವೇತನದ ಅರ್ಜಿಗಳನ್ನು ನೋಡುವ ಸಮಿತಿಯಲ್ಲಿ ಕೂತವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಕೆಲವು ಅರ್ಜಿಗಳಲ್ಲಿ 'ತಂದೆಯ ಸಹಿ' ಎಂಬ ಜಾಗ ಖಾಲಿ ಇರುತ್ತದೆ. ತಂದೆ ತೀರಿಹೋಗಿಲ್ಲ, ಇದ್ದಾರೆ. ಸಹಿ ಮಾತ್ರ ಸಿಗುವುದಿಲ್ಲ. ಹಾಗೆ ಅರ್ಜಿ ಕೊಟ್ಟಿದ್ದ ಹುಡುಗಿಯೊಬ್ಬಳ ತಾಯಿ ಒಮ್ಮೆ ನನಗೆ ತಮ್ಮ ತಲಾಕ್ ಒಪ್ಪಂದದ ಕಾಗದ ತೋರಿಸಿದರು. ಎರಡು ಪುಟ. ಚಿನ್ನ ಎಷ್ಟು ಪವನು, ಮಹ್ರ್ ಎಷ್ಟು, ಕಪಾಟು, ಮಂಚ, ಪಾತ್ರೆ ಎಲ್ಲದರ ಲೆಕ್ಕವಿತ್ತು. ಮಗುವಿನ ಬಗ್ಗೆ ಇದ್ದದ್ದು ಒಂದೇ ಸಾಲು: ಮಗು ತಾಯಿಯ ಬಳಿ ಇರತಕ್ಕದ್ದು, ಮುಂದೆ ಯಾವ ತಕರಾರೂ ಇರುವುದಿಲ್ಲ. ಇಂದು ನಾನು ಮಾತಾಡಬೇಕೆಂದಿರುವುದು ಆ ಒಂದು ಸಾಲಿನ ಬಗ್ಗೆ.

ಮಗು ಯಾರದು ಎಂಬ ಜಗಳ ಹೊಸದಲ್ಲ. ಇಮಾಮ್ ಮಾಲಿಕರ ಮುವತ್ತಾದಲ್ಲಿ ಒಂದು ಘಟನೆ ಬರುತ್ತದೆ. ಹಝ್ರತ್ ಉಮರ್(ರ) ಅವರು ವಿಚ್ಛೇದಿತ ಪತ್ನಿಯಿಂದ ಹುಟ್ಟಿದ ಮಗ ಆಸಿಮ್ ಕುಬಾ ಮಸೀದಿಯ ಅಂಗಳದಲ್ಲಿ ಆಡುತ್ತಿದ್ದುದನ್ನು ಕಂಡು, ಎತ್ತಿಕೊಂಡು ತಮ್ಮ ವಾಹನದ ಮೇಲೆ ಕೂರಿಸಿದರು. ಮಗುವಿನ ಅಜ್ಜಿ, ಅಂದರೆ ತಾಯಿಯ ತಾಯಿ, ಬಿಡಲಿಲ್ಲ. ವ್ಯಾಜ್ಯ ಖಲೀಫ ಅಬೂಬಕರ್(ರ) ಅವರ ಮುಂದೆ ಬಂತು. ಮಗುವನ್ನು ಆಕೆಗೇ ಬಿಟ್ಟುಬಿಡಿ ಎಂದು ಅವರು ಹೇಳಿದರು. ಉಮರ್ ಎದುರು ಮಾತಾಡಲಿಲ್ಲ. ಉಮರ್‌ರಂಥವರು ಸುಮ್ಮನಾದ ಕಡೆ ನಮ್ಮ ಯುವಕರು ಎಷ್ಟು ಗಲಾಟೆ ಮಾಡುತ್ತಾರೆ ಎಂಬುದನ್ನು ನಾನು ಕೋರ್ಟಿನ ವರಾಂಡದಲ್ಲಿ ದಿನವೂ ನೋಡುತ್ತೇನೆ.

ಫಿಕ್ಹ್‌ನಲ್ಲಿ ಎರಡು ಮಾತುಗಳಿವೆ: ಹಿಝಾನತ್ ಮತ್ತು ವಿಲಾಯತ್. ಮಗುವನ್ನು ಸಾಕಿ ಸಲಹುವ ಹೊಣೆ ಹಿಝಾನತ್. ಇದರಲ್ಲಿ ತಾಯಿ ಮೊದಲು, ಅವಳ ನಂತರ ತಾಯಿಯ ತಾಯಿ. ಮಗುವಿನ ಆಸ್ತಿ ಮುಂತಾದ ವ್ಯವಹಾರಗಳ ಜವಾಬ್ದಾರಿ ವಿಲಾಯತ್, ಅದು ತಂದೆಯದು. ಹನಫಿಗಳಲ್ಲಿ ಗಂಡು ಮಗು ಏಳು ವರ್ಷದವರೆಗೆ, ಹೆಣ್ಣು ಮಗು ಪ್ರಾಯಕ್ಕೆ ಬರುವವರೆಗೆ ತಾಯಿಯ ಬಳಿ ಇರುತ್ತದೆ. ಕರಾವಳಿಯ ಬ್ಯಾರಿಗಳು, ನವಾಯತರು ಅನುಸರಿಸುವ ಶಾಫಿ ಮದ್‌ಹಬಿನಲ್ಲಿ ತಿಳಿವಳಿಕೆ ಬಂದ ಮಗುವಿಗೆ ಆಯ್ಕೆ ಬಿಡಲಾಗುತ್ತದೆ. ಒಂದನ್ನು ಮರೆಯಬಾರದು. ಮಗು ಯಾರ ಬಳಿಯೇ ಇರಲಿ, ಖರ್ಚು ತಂದೆಯದು.

ಹಾಗಾದರೆ ಏಳು ವರ್ಷ ತುಂಬಿದ ಮಾರನೆಯ ದಿನ ಮಗನನ್ನು ಕರೆದುಕೊಂಡು ಹೋಗಬಹುದೇ ಎಂದು ಕಕ್ಷಿದಾರರು ಕೇಳುತ್ತಾರೆ. ಇಲ್ಲ. ನ್ಯಾಯಾಲಯದಲ್ಲಿ ಇದು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ತೀರ್ಮಾನವಾಗುತ್ತದೆ. ಅದರ 17ನೇ ಕಲಮಿನ ಪ್ರಕಾರ ವೈಯಕ್ತಿಕ ಕಾನೂನನ್ನೂ ಗಮನಿಸಿ, ಒಟ್ಟಿನಲ್ಲಿ ಮಗುವಿನ ಹಿತ ಯಾವುದರಲ್ಲಿದೆ ಎಂದು ನೋಡಬೇಕು. ಬುದ್ಧಿ ಬಂದ ಮಗುವಾದರೆ ಅದರ ಇಷ್ಟವನ್ನೂ ಕೇಳಬಹುದು. ತಾಯಿ ಮರುಮದುವೆಯಾದಳು ಎಂಬ ಒಂದೇ ಕಾರಣಕ್ಕೆ ಅಥವಾ ತಂದೆಗೆ ಸಂಬಳ ಜಾಸ್ತಿ ಎಂಬ ಒಂದೇ ಕಾರಣಕ್ಕೆ ತೀರ್ಪು ತಾನಾಗಿ ಒಂದು ಕಡೆಗೆ ವಾಲುವುದಿಲ್ಲ.

ಈಗ ಖರ್ಚಿನ ವಿಷಯ. ನಮ್ಮಲ್ಲಿ ತುಂಬಾ ಹರಡಿರುವ ಒಂದು ತಪ್ಪು ತಿಳಿವಳಿಕೆಯಿದೆ. 1986ರ ಮುಸ್ಲಿಂ ಮಹಿಳಾ ಕಾಯ್ದೆಯಲ್ಲಿ ಮಗು ಹುಟ್ಟಿದ ಎರಡು ವರ್ಷದವರೆಗೆ ವಿಚ್ಛೇದಿತೆಗೆ ಖರ್ಚು ಕೊಡಬೇಕು ಎಂದಿದೆ. ಆದ್ದರಿಂದ ಎರಡು ವರ್ಷ ಕಳೆದರೆ ತಂದೆಯ ಹೊಣೆ ಮುಗಿಯಿತು ಎಂದು ಓದಿದವರೇ ವಾದಿಸುತ್ತಾರೆ. ಆ ಎರಡು ವರ್ಷ ಮಗುವನ್ನು ಸಾಕುವ ತಾಯಿಗೆಂದು ಕೊಟ್ಟ ಹೆಚ್ಚುವರಿ ಹಕ್ಕು. ಮಗುವಿನ ಹಕ್ಕೇ ಬೇರೆ. ನೂರ್ ಸಬಾ ಖಾತೂನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1997ರಲ್ಲೇ ಇದನ್ನು ಸ್ಪಷ್ಟಪಡಿಸಿದೆ: ಮಕ್ಕಳು ಪ್ರಾಯಕ್ಕೆ ಬರುವವರೆಗೆ ಅಥವಾ ಸ್ವಂತ ಕಾಲಮೇಲೆ ನಿಲ್ಲುವವರೆಗೆ, ಹೆಣ್ಣು ಮಕ್ಕಳಾದರೆ ಮದುವೆಯಾಗುವವರೆಗೆ, ತಂದೆ ಜೀವನಾಂಶ ಕೊಡಲೇಬೇಕು. ಹಿಂದೆ ಇದಕ್ಕೆ ಸಿಆರ್‌ಪಿಸಿ 125ನೇ ಕಲಮು ಇತ್ತು. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು ಬಂದಿದೆ. ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟಿಸು ತಲುಪಿದ 60 ದಿನಗಳೊಳಗೆ, ಸಾಧ್ಯವಾದಷ್ಟು ಮಟ್ಟಿಗೆ, ತೀರ್ಮಾನಿಸಬೇಕು ಎಂದು ಅದರಲ್ಲೇ ಇದೆ.

ಖುಲಾ ಸಂದರ್ಭದಲ್ಲಿ ನಡೆಯುವ ಚೌಕಾಸಿ ಇನ್ನೂ ನೋವಿನದು. 'ಮಗುವಿನ ಖರ್ಚು ಕೇಳುವುದಿಲ್ಲ ಎಂದು ಬರೆದುಕೊಡು, ಬಿಡುಗಡೆ ಕೊಡುತ್ತೇನೆ' ಎನ್ನುತ್ತಾರೆ. ಬೇಸತ್ತ ಹೆಣ್ಣುಮಗಳು ಸಹಿ ಹಾಕುತ್ತಾಳೆ, ಅವಳ ಅಣ್ಣ ಸಾಕ್ಷಿ ಹಾಕುತ್ತಾನೆ. ತನ್ನ ಮಹ್ರ್ ಬಿಟ್ಟುಕೊಡಲು ಅವಳಿಗೆ ಅಧಿಕಾರವಿದೆ, ಅದು ಅವಳದು. ಮಗುವಿನ ಅನ್ನ ಅವಳದ್ದಲ್ಲ. ಅಂಥ ಕಾಗದ ಇದ್ದರೂ ಮಗುವಿನ ಪರವಾಗಿ ಜೀವನಾಂಶದ ಅರ್ಜಿ ಹಾಕಬಹುದು. ಹಾಗೆಯೇ ಮಗುವನ್ನು ಬಿಟ್ಟುಕೊಟ್ಟರೆ ಮಾತ್ರ ಖುಲಾ ಎಂಬ ಷರತ್ತನ್ನು ಹನಫಿ ಫುಕಹಾಗಳೂ ಒಪ್ಪಿಲ್ಲ. ಖುಲಾ ಊರ್ಜಿತ, ಷರತ್ತು ಅನೂರ್ಜಿತ.

ತಲಾಕಿನ ಕಾನೂನನ್ನು ಬೇಗ ಹೇಳಿ ಮುಗಿಸುತ್ತೇನೆ. ಎರಡೂ ಕಡೆಯಿಂದ ಒಬ್ಬೊಬ್ಬ ಮಧ್ಯಸ್ಥರು ಕೂತು ಸಂಧಾನಕ್ಕೆ ಯತ್ನಿಸಬೇಕು ಎಂಬುದು ಸೂರಃ ಅನ್ನಿಸಾದ 35ನೇ ಆಯತ್ತಿನ ಬೋಧನೆ. 2002ರ ಶಮೀಮ್ ಆರಾ ತೀರ್ಪು ಕೂಡ ಸಕಾರಣ ಮತ್ತು ಸಂಧಾನ ಯತ್ನ ಎರಡನ್ನೂ ಕೇಳುತ್ತದೆ. ಒಂದೇ ಉಸಿರಿನ ಮೂರು ತಲಾಕನ್ನು ಸುಪ್ರೀಂ ಕೋರ್ಟು 2017ರ ಆಗಸ್ಟ್ 22ರಂದು ರದ್ದುಗೊಳಿಸಿತು. 2019ರ ಕಾಯ್ದೆ ಅದನ್ನು ಮೂರು ವರ್ಷದವರೆಗೆ ಶಿಕ್ಷೆಯ ಅಪರಾಧ ಮಾಡಿತು. ಅದರ 6ನೇ ಕಲಮು ಅಂಥ ಸಂದರ್ಭದಲ್ಲಿ ಅಪ್ರಾಪ್ತ ಮಕ್ಕಳ ಸುಪರ್ದನ್ನು ತಾಯಿಗೆ ಕೊಡುತ್ತದೆ. ವಾಟ್ಸಪ್ಪಿನಲ್ಲಿ ಮೂರು ಸಲ ಟೈಪು ಮಾಡುವವರಿಗೆ ಇದು ತಿಳಿದಿರಲಿ.

ಇನ್ನು ಆ ಒಂದು ಸಾಲಿನ ಜಾಗದಲ್ಲಿ ಏನು ಬರೆಯಬೇಕು? ಮಗು ಎಲ್ಲಿರುತ್ತದೆ, ಯಾವ ವಾರ, ಎಷ್ಟು ಗಂಟೆಗೆ ತಂದೆ ಕರೆದುಕೊಂಡು ಹೋಗುತ್ತಾರೆ, ಎಷ್ಟು ಗಂಟೆಗೆ ತಂದು ಬಿಡುತ್ತಾರೆ. ಈದುಲ್ ಫಿತ್ರ್ ಯಾರ ಮನೆಯಲ್ಲಿ, ಬಕ್ರೀದ್ ಯಾರ ಮನೆಯಲ್ಲಿ. ಬೇಸಿಗೆ ರಜೆ ಹೇಗೆ ಹಂಚಿಕೆ. ಶಾಲೆಯ ಫೀಸು, ಮದ್ರಸದ ಫೀಸು, ಆಸ್ಪತ್ರೆಯ ಖರ್ಚು ಯಾರು, ಯಾವ ತಾರೀಖಿನೊಳಗೆ, ಯಾವ ಬ್ಯಾಂಕ್ ಖಾತೆಗೆ. ಶಾಲೆಯ ಅಂಕಪಟ್ಟಿ ಇಬ್ಬರಿಗೂ ಸಿಗಬೇಕು. ತಂದೆ ಗಲ್ಫ್‌ನಲ್ಲಿದ್ದರೆ ವೀಡಿಯೋ ಕರೆಗೆ ಸಮಯ ಗೊತ್ತು ಮಾಡಬೇಕು; 2020ರ ಯಶಿತಾ ಸಾಹು ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇಂಥ ಕರೆಗಳನ್ನೂ ಮಗುವಿನ ಸಂಪರ್ಕದ ಭಾಗವೆಂದೇ ಪರಿಗಣಿಸಿದೆ. ಪಾಸ್‌ಪೋರ್ಟ್ ಯಾರ ಬಳಿ ಇರುತ್ತದೆ ಎಂಬುದನ್ನು ಮಾತ್ರ ಮರೆಯಲೇಬೇಡಿ. ಮಗು ದೇಶ ದಾಟಿ ಹೋದ ಮೇಲೆ ಇಲ್ಲಿಯ ಆದೇಶವನ್ನು ಅಲ್ಲಿ ಜಾರಿ ಮಾಡಿಸುವುದು ಸುಲಭವಲ್ಲ. ಜಂಟಿ ಸುಪರ್ದಿಗೆ ಕಾನೂನಿನಲ್ಲೇ ಜಾಗ ಕೊಡಬೇಕೆಂದು ಕಾನೂನು ಆಯೋಗ 2015ರ ತನ್ನ 257ನೇ ವರದಿಯಲ್ಲಿ ಹೇಳಿತ್ತು. ಕಾಯ್ದೆ ಬರಲಿ ಬಿಡಲಿ, ಇಬ್ಬರೂ ಕೂತು ಬರೆದುಕೊಳ್ಳಲು ಯಾರ ತಡೆಯೂ ಇಲ್ಲ.

ಜಮಾಅತಿನ ಹಿರಿಯರಲ್ಲಿ ಒಂದು ವಿನಂತಿ. ನೀವು ಮಾಡಿಸುವ ರಾಜಿಗೆ ಬೆಲೆಯಿದೆ. ಆದರೆ ಬರಿಯ ಸ್ಟಾಂಪ್ ಪೇಪರ್ ನ್ಯಾಯಾಲಯದ ಡಿಕ್ರಿ ಆಗುವುದಿಲ್ಲ. ಅದೇ ಷರತ್ತುಗಳನ್ನು ಕೌಟುಂಬಿಕ ನ್ಯಾಯಾಲಯದಲ್ಲಿ ರಾಜಿ ಅರ್ಜಿಯಾಗಿ ದಾಖಲಿಸಿದರೆ ನಾಳೆ ಹಣ ನಿಂತಾಗ ವಸೂಲಿಗೆ ದಾರಿಯಿರುತ್ತದೆ. ವಕೀಲರ ಫೀಸಿಗೆ ಹೆದರಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಡಿ ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ. ಜಿಲ್ಲಾ ನ್ಯಾಯಾಲಯದಲ್ಲಿರುವ ಪ್ರಾಧಿಕಾರದ ಕಚೇರಿಗೆ ಒಂದು ಅರ್ಜಿ ಕೊಟ್ಟರೆ ಸಾಕು.

ಆ ಹುಡುಗಿಯ ತಾಯಿ ಮಗಳ ಪರವಾಗಿ ಅರ್ಜಿ ಹಾಕಿದರು, ಆದೇಶವೂ ಆಯಿತು. ಹಣ ಬರುತ್ತಿದೆ, ಕೆಲವು ತಿಂಗಳು ತಡವಾಗಿ. ತಂದೆ ಇನ್ನೂ ನೋಡಲು ಬಂದಿಲ್ಲ. ಅದನ್ನು ಯಾವ ಕೋರ್ಟೂ ಮಾಡಿಸಲಾರದು. ಅವಳ ಅರ್ಜಿ ಮಾತ್ರ ಆ ವರ್ಷ ಸಹಿ ಇಲ್ಲದ ಕಾರಣಕ್ಕೆ ಬದಿಗೆ ಸರಿದಿತ್ತು. ಅಧ್ಯಕ್ಷರೇ, ಮುಂದಿನ ವರ್ಷದ ಫಾರಂ ಅಚ್ಚಿಗೆ ಕೊಡುವ ಮೊದಲು 'ತಂದೆಯ ಸಹಿ' ಎಂಬಲ್ಲಿ 'ತಾಯಿ ಅಥವಾ ತಂದೆಯ ಸಹಿ' ಎಂದು ತಿದ್ದಿಸಬೇಕೆಂದು ಕೋರುತ್ತೇನೆ. ಪ್ರಶ್ನೆಗಳಿದ್ದರೆ ಊಟದ ನಂತರ ಇಲ್ಲೇ ಇರುತ್ತೇನೆ.