ದುಡಿಯುವ ಮಕ್ಕಳಿಗೆ ಕಾನೂನಿನ ಆಸರೆ



ಬಾಲಕಾರ್ಮಿಕರ ವಿಷಯವನ್ನು ಮುಂಬಯಿ ನಗರದಲ್ಲಿ ಕನ್ನಡದಲ್ಲಿ ಹೇಳಹೊರಟವರಿಗೆ ಮೊದಲು ಎದುರಾಗುವ ಪದ 'ಮಾಣಿ'. ಕರಾವಳಿಯಲ್ಲಿ ಹುಡುಗ ಎಂಬ ಅರ್ಥದ ಈ ಮಾತು ಹೋಟೆಲಿನಲ್ಲಿ ಬಡಿಸುವವನ ಹೆಸರಾಯಿತು. ಐವತ್ತು ವರ್ಷದವನೂ ಅಲ್ಲಿ ಮಾಣಿಯೇ. ಭಾಷಾಂತರದ ಕೆಲಸದಲ್ಲಿರುವ ನನಗೆ ಇದು ಬರಿಯ ಪದವಿನೋದವೆಂದು ತೋರುವುದಿಲ್ಲ. ಆ ಕೆಲಸಕ್ಕೆ ಹುಡುಗರೇ ಬರುತ್ತಿದ್ದರೆಂಬುದಕ್ಕೆ ಅದು ಸಾಕ್ಷಿ.

ದಕ್ಷಿಣ ಕನ್ನಡ, ಉಡುಪಿಯ ಕಡೆಯಿಂದ ಪರಿಚಿತರ ಕೈಹಿಡಿದು ಬಂದ ಬಾಲಕರು ಫೋರ್ಟ್, ಮಾಟುಂಗಾ ಮೊದಲಾದೆಡೆಗಳ ಹೋಟೆಲುಗಳಲ್ಲಿ ಲೋಟ ತೊಳೆದು, ಮೇಜು ಒರೆಸಿ, ಅಲ್ಲಿಯೇ ಮಲಗಿ ಬೆಳೆದರು. ಇಂಥವರಿಗಾಗಿ ನಮ್ಮ ಹಿರಿಯರು ರಾತ್ರಿ ಶಾಲೆಗಳನ್ನು ನಡೆಸಿದರು. ಮೊಗವೀರ ರಾತ್ರಿ ಶಾಲೆ, ಗುರುನಾರಾಯಣ ರಾತ್ರಿ ಶಾಲೆ ಮುಂತಾದವುಗಳ ಉಪಕಾರವನ್ನು ಮರೆಯಲಾಗದು. ಆದರೂ ರಾತ್ರಿ ಶಾಲೆಯು ಒಂದು ಸಂಗತಿಯನ್ನು ಒಪ್ಪಿಕೊಂಡೇ ದೀಪ ಹಚ್ಚುತ್ತಿತ್ತು: ಮಗುವಿನ ಹಗಲು ಮಾಲೀಕನದು.

ಆ ಹಗಲನ್ನು ಬಿಡಿಸಿಕೊಳ್ಳಲು ಕಾನೂನಿಗೆ ಬಹುಕಾಲ ಹಿಡಿಯಿತು. 1881ರ ಕಾರ್ಖಾನೆ ಕಾಯಿದೆಯು ಏಳು ವರ್ಷದೊಳಗಿನವರನ್ನು ಮಾತ್ರ ಕಾರ್ಖಾನೆಗಳಿಂದ ಹೊರಗಿರಿಸಿತು. ಅದಕ್ಕಿಂತ ದೊಡ್ಡವರು, ಹನ್ನೆರಡರವರೆಗಿನ ಮಕ್ಕಳು, ದಿನಕ್ಕೆ 9 ಗಂಟೆ ದುಡಿಯಬಹುದಾಗಿತ್ತು. ಸ್ವಾತಂತ್ರ್ಯಾನಂತರ, 1979ರಲ್ಲಿ, ಕನ್ನಡಿಗರಾದ ಎಂ. ಎಸ್. ಗುರುಪಾದಸ್ವಾಮಿ ಅವರ ಅಧ್ಯಕ್ಷತೆಯಲ್ಲಿ ಕೇಂದ್ರ ಸರ್ಕಾರವು ಸಮಿತಿಯೊಂದನ್ನು ನೇಮಿಸಿತು. ಬಡತನವಿರುವವರೆಗೆ ಸಂಪೂರ್ಣ ನಿಷೇಧ ಕಷ್ಟಸಾಧ್ಯ, ಆದುದರಿಂದ ಅಪಾಯಕರ ಕೆಲಸಗಳನ್ನು ನಿಷೇಧಿಸಿ ಉಳಿದವನ್ನು ನಿಯಂತ್ರಿಸಬೇಕು ಎಂಬುದು ಸಮಿತಿಯ ನಿಲುವು. 1986ರ ಅಧಿನಿಯಮವು ಇದೇ ದಾರಿಯಲ್ಲಿ ಸಾಗಿತು. ಬೀಡಿ, ಬೆಂಕಿಕಡ್ಡಿ, ರತ್ನಗಂಬಳಿಯ ಕೆಲಸಗಳು ಅದರ ನಿಷೇಧದ ಪಟ್ಟಿಯಲ್ಲಿದ್ದವು, ಹೋಟೆಲು ಇರಲಿಲ್ಲ.

ಮನೆಗೆಲಸವೂ ಇರಲಿಲ್ಲ. ನಮ್ಮಂಥ ಕೇಂದ್ರ ಸರ್ಕಾರಿ ನೌಕರರೇ ಹದಿನಾಲ್ಕರ ಒಳಗಿನವರನ್ನು ಕೆಲಸಕ್ಕೆ ಇರಿಸಿಕೊಳ್ಳಬಾರದೆಂಬ ನಡತೆ ನಿಯಮ ಬಂದದ್ದು 1999ರಲ್ಲಿ. ಹೇಳಿಕೊಳ್ಳಲು ಸಂಕೋಚವೆನಿಸುವ ತಡವಿದು. ಹೋಟೆಲು, ಚಹದಂಗಡಿ, ಮನೆಗೆಲಸಗಳು ನಿಷೇಧದ ಪಟ್ಟಿಗೆ ಸೇರಿದ್ದು 2006ರ ಅಕ್ಟೋಬರ್ 10ರಂದು. 2010ರಲ್ಲಿ ಶಿಕ್ಷಣದ ಹಕ್ಕು ಜಾರಿಗೆ ಬಂದಿತು. 2016ರ ತಿದ್ದುಪಡಿಯು ಹದಿನಾಲ್ಕು ತುಂಬದ ಮಕ್ಕಳನ್ನು ಯಾವ ಉದ್ಯೋಗದಲ್ಲಿಯೂ ತೊಡಗಿಸಬಾರದೆಂದು ವಿಧಿಸಿತು. ತಪ್ಪಿತಸ್ಥ ಮಾಲೀಕನಿಗೆ ಆರು ತಿಂಗಳಿಂದ ಎರಡು ವರ್ಷದವರೆಗೆ ಸೆರೆವಾಸ, ಇಲ್ಲವೆ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ. ದಂಡದ ಹಣ ಮಗುವಿನ ಪುನರ್ವಸತಿ ನಿಧಿಗೆ ಸೇರುತ್ತದೆ. ಸರ್ಕಾರವು ಅದಕ್ಕೆ ತಲಾ 15,000 ರೂಪಾಯಿ ಕೂಡಿಸಬೇಕು.

ನಮ್ಮ ಹೋಟೆಲು ಮಾಲೀಕರು ವಿಶೇಷವಾಗಿ ಗಮನಿಸಬೇಕಾದ ವಿಷಯವೊಂದಿದೆ. ಕುಟುಂಬದ ಉದ್ಯಮದಲ್ಲಿ, ಅದು ಅಪಾಯಕರವಲ್ಲದಿದ್ದರೆ, ಶಾಲೆಯ ವೇಳೆಯ ನಂತರ ಅಥವಾ ರಜೆಯಲ್ಲಿ ಮಗು ನೆರವಾಗಲು ಕಾನೂನು ಅವಕಾಶ ನೀಡಿದೆ. ಆದರೆ ಕುಟುಂಬವೆಂದರೆ ಮಗುವಿನ ತಂದೆತಾಯಿ, ಒಡಹುಟ್ಟಿದವರು, ತಂದೆತಾಯಿಯರ ಒಡಹುಟ್ಟಿದವರು ಮಾತ್ರ. 'ನಮ್ಮ ಊರಿನವನು, ದೂರದ ಸಂಬಂಧ, ಮನೆಯವನ ಹಾಗೆ' ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ. ಹದಿನಾಲ್ಕರಿಂದ ಹದಿನೆಂಟರೊಳಗಿನವರನ್ನು ಅಪಾಯಕರವಲ್ಲದ ಕೆಲಸಕ್ಕೆ ಸೇರಿಸಿಕೊಂಡರೂ ವಿಶ್ರಾಂತಿ ಸೇರಿ ದಿನಕ್ಕೆ 6 ಗಂಟೆ ಮೀರುವಂತಿಲ್ಲ; ರಾತ್ರಿ 7ರಿಂದ ಬೆಳಿಗ್ಗೆ 8ರವರೆಗೆ ದುಡಿಸುವಂತಿಲ್ಲ. ಹೋಟೆಲಿನ ದಿನಚರಿ ಬಲ್ಲವರಿಗೆ ಇದು ಎಷ್ಟು ಬಿಗಿಯಾದ ನಿಯಮವೆಂದು ಹೇಳಬೇಕಾಗಿಲ್ಲ.

ಈ ನಗರದಲ್ಲಿ ಜರಿ ಕಸೂತಿಯ ಕೋಣೆಗಳಿಂದಲೂ ದೂರದ ರಾಜ್ಯಗಳ ಮಕ್ಕಳನ್ನು ಬಿಡಿಸಿ ಊರಿಗೆ ಕಳುಹಿಸಲಾಗಿದೆ. ಅವರ ಭಾಷೆ ಬೇರೆ. ಆದರೆ ಪರಿಚಿತನ ಕೈಹಿಡಿದು ಬರುವ ಆ ದಾರಿ ನಮಗೆ ಹೊಸದಲ್ಲ.

ಇಂಥ ಮಗುವನ್ನು ಕಂಡವರು 1098 ಸಂಖ್ಯೆಗೆ ಕರೆ ಮಾಡಬಹುದು. 1996ರಲ್ಲಿ ಮುಂಬಯಿಯಲ್ಲಿಯೇ ಆರಂಭವಾದ ಈ ಉಚಿತ ಸೇವೆ ಈಗ ದೇಶದಾದ್ಯಂತ ಇದೆ. ಕರೆ ಮಾಡುವಾಗ ಸ್ಥಳದ ಗುರುತು, ಹತ್ತಿರದ ರೈಲು ನಿಲ್ದಾಣ, ಮಗುವನ್ನು ಕಂಡ ಹೊತ್ತು ಇವನ್ನು ತಪ್ಪದೆ ತಿಳಿಸಿರಿ.