ಮರಳಿ ಬರುವವರ ರಹದಾರಿ



ಮನೆಯನ್ನೇ ವಾಹನದೊಳಗೆ ಕಟ್ಟಿಕೊಂಡು ಭೂಮಾರ್ಗವಾಗಿ ದೇಶದೇಶಗಳನ್ನು ಸುತ್ತಿ ಬರುವವರ ಕುರಿತು ಮಾತನಾಡಲು ನನಗೆ ಅಪ್ಪಣೆಯಾಗಿದೆ. ಒಲೆ, ಹಾಸಿಗೆ, ನೀರಿನ ತೊಟ್ಟಿಗಳನ್ನು ಹೊತ್ತ ಈ ಕ್ಯಾಂಪರ್ ವ್ಯಾನುಗಳ ಪ್ರವಾಸಕಥನಗಳಲ್ಲಿ ಹೊರಡುವ ಸಂಭ್ರಮಕ್ಕೆ ಅಧ್ಯಾಯಗಳೇ ಮೀಸಲು. ಮರಳಿದ್ದಕ್ಕೆ ಹೆಚ್ಚೆಂದರೆ ಒಂದು ಪುಟ. ನನಗೆ ಆಸಕ್ತಿಯಿರುವುದು ಆ ಒಂದು ಪುಟದಲ್ಲಿ.

1957ರ ಏಪ್ರಿಲ್ 15ರಂದು ‘ಇಂಡಿಯಾಮನ್’ ಎಂಬ ಬಸ್ಸು ಲಂಡನ್ನಿನಿಂದ ಹೊರಟು ಜೂನ್ 5ರಂದು ಕಲ್ಕತ್ತೆಯನ್ನು ಮುಟ್ಟಿತು. ಬರುವ ದರ 85 ಪೌಂಡು, ಹಿಂದಿರುಗುವ ದರ 65. ಹೊರಟವರೆಲ್ಲ ಮರಳುವುದಿಲ್ಲವೆಂಬುದನ್ನು ಆ ಬಸ್ಸಿನ ಮಾಲೀಕರು ಮೊದಲೇ ಊಹಿಸಿದ್ದರೆಂದು ತೋರುತ್ತದೆ!

ಅದಕ್ಕೂ ಮುಂಚೆ, 1955ರಲ್ಲಿ, ಆಕ್ಸ್‌ಫರ್ಡ್ ಹಾಗೂ ಕೇಂಬ್ರಿಜ್‌ನ ತರುಣರು ಎರಡು ಲ್ಯಾಂಡ್‌ರೋವರುಗಳಲ್ಲಿ ಲಂಡನ್ನಿನಿಂದ ಹೊರಟು ಮರುವರ್ಷ ಸಿಂಗಪುರ ಸೇರಿದರು. ಆ ಎರಡರಲ್ಲೊಂದು ಗಾಡಿ 2019ರಲ್ಲಿ ಸಿಂಗಪುರದಿಂದ ಲಂಡನ್ನಿಗೆ ಮರಳಿತು. ಮೊದಲ ತಂಡದ ಟಿಮ್ ಸ್ಲೆಸರ್ ಅಸ್ವಸ್ಥರಾದುದರಿಂದ ಅವರ ಸ್ಥಾನದಲ್ಲಿ ಮೊಮ್ಮಗ ಕುಳಿತ. ಆದರೆ ಹಳೆಯ ದಾರಿ ಎಲ್ಲಿತ್ತು? 1979ರ ಇರಾನ್ ಕ್ರಾಂತಿ, ಅದೇ ವರ್ಷಾಂತ್ಯದಲ್ಲಿ ಅಫಘಾನಿಸ್ತಾನಕ್ಕೆ ನುಗ್ಗಿದ ಸೋವಿಯತ್ ಸೇನೆ, ಇವೆರಡೂ ಸೇರಿ ಆ ಮಾರ್ಗವನ್ನು ಮುರಿದಿದ್ದವು. ಮೊಮ್ಮಗ ಚೀನ, ಮಧ್ಯ ಏಷ್ಯಗಳ ಮೂಲಕ ಬಳಸಿ ಹೋಗಬೇಕಾಯಿತು.

ವಾಹನ ಮರಳುವುದಕ್ಕೂ ಒಂದು ಶಾಸ್ತ್ರವಿದೆ. ‘ಕಾರ್ನೆ’ ಎಂಬ ರಹದಾರಿ ಪುಸ್ತಕವಿದ್ದರೆ, ಅದನ್ನು ಮನ್ನಿಸುವ ದೇಶಗಳಲ್ಲಿ ಸುಂಕ ತೆರದೆ ಗಾಡಿಯನ್ನು ಒಯ್ಯಬಹುದು. ನಮ್ಮವರಿಗೆ ಇದನ್ನು ದಶಕಗಳಿಂದ ಕೊಡುತ್ತ ಬಂದಿರುವ ಸಂಸ್ಥೆಗಳಲ್ಲಿ 1919ರಲ್ಲಿ ಸ್ಥಾಪನೆಯಾದ ಮುಂಬಯಿಯ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್ ಒಂದು. ಹೊರಡುವ ಮುನ್ನ ಭದ್ರತೆ ಕಟ್ಟಬೇಕು. ಒಳಹೊಕ್ಕಾಗ ಒಂದು ಮುದ್ರೆ, ಹೊರಬಿದ್ದಾಗ ಇನ್ನೊಂದು. ಎಲ್ಲೋ ಒಂದು ಗಡಿಯಲ್ಲಿ ನಿರ್ಗಮನದ ಮುದ್ರೆ ತಪ್ಪಿತೋ, ಗಾಡಿ ಅಲ್ಲೇ ಉಳಿಯಿತೆಂದು ಆ ದೇಶವು ಸುಂಕ ಕೇಳಬಹುದು. ಪುಸ್ತಕವನ್ನು ಹಿಂದಿರುಗಿಸಿದ ಮೇಲೆಯೇ ಭದ್ರತೆ ಬಿಡುಗಡೆ. ಅಂದರೆ, ಮನೆಗೆ ಬಂದೆವೆಂಬುದಕ್ಕೂ ಪುರಾವೆ ಬೇಕು.

ಹೊರನಾಡಿನಲ್ಲಿರುವ ನಮಗೆ ಇದು ಹೊಸತೇನಲ್ಲ. ಊರಿಗೆ ಹೋದಾಗ “ಯಾವಾಗ ಬಂದಿರಿ?” ಎನ್ನುವುದರ ಬೆನ್ನಿಗೇ “ಯಾವಾಗ ಹೋಗ್ತೀರಿ?” ಎಂಬ ಪ್ರಶ್ನೆ ಬರುತ್ತದೆ. ನಿವೃತ್ತರಾಗಿ ಊರಿನಲ್ಲೇ ನೆಲೆಸಲು ಮಹಾರಾಷ್ಟ್ರದ ಸಂಖ್ಯೆಯ ಕಾರನ್ನು ತಂದವರ ಪಾಡನ್ನು ನೋಡಿ. ಮೋಟಾರು ವಾಹನ ಕಾಯಿದೆಯ 47ನೆಯ ಕಲಮಿನಂತೆ, ಬೇರೆ ರಾಜ್ಯದಲ್ಲಿ 12 ತಿಂಗಳಿಗೂ ಹೆಚ್ಚು ಕಾಲ ಇರಿಸಿದ ವಾಹನಕ್ಕೆ ಹೊಸ ನೋಂದಣಿಯ ಸಂಖ್ಯೆ ಪಡೆಯಬೇಕು. ಆ ರಾಜ್ಯದ ನಿರಾಕ್ಷೇಪಣಾ ಪತ್ರ ತರಬೇಕು, ಈ ರಾಜ್ಯದ ತೆರಿಗೆ ಕಟ್ಟಬೇಕು, ಅಲ್ಲಿ ಕಟ್ಟಿದ್ದರ ಉಳಿಕೆಗಾಗಿ ಅಲೆಯಬೇಕು. ವಿದೇಶ ಸುತ್ತುವ ಗಾಡಿಗೆ ಒಂದು ಪುಸ್ತಕ ಸಾಕು. ಸ್ವದೇಶದಲ್ಲಿ ಮನೆಗೆ ಮರಳುವ ಗಾಡಿಗೆ ಎರಡು ಕಚೇರಿಗಳು!

2021ರಲ್ಲಿ ‘ಬಿಎಚ್’ ಎಂಬ ಭಾರತ್ ಸರಣಿ ಬಂದುದು ಸ್ವಾಗತಾರ್ಹವೇ. ಆದರೆ ಅದನ್ನು ಸರಕಾರಿ ನೌಕರರಿಗೆ, ರಕ್ಷಣಾ ಸಿಬ್ಬಂದಿಗೆ, ಹಾಗೂ ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಗಳಿರುವ ಸಂಸ್ಥೆಗಳ ನೌಕರರಿಗೆಂದು ರೂಪಿಸಲಾಯಿತು. ಮುಂಬಯಿಯಲ್ಲಿ ಒಂದೇ ಖಾನಾವಳಿ ನಡೆಸಿ ಮುಪ್ಪಿಗೆ ಊರು ಸೇರುವ ನಮ್ಮ ಹೋಟೆಲಿನವರು ಈ ಪಟ್ಟಿಯಲ್ಲಿ ಎಲ್ಲಿದ್ದಾರೆ? ಸ್ವಂತ ದುಡಿಮೆಯವರಿಗೂ ಈ ಸೌಲಭ್ಯ ದೊರೆಯಬೇಕೆಂಬ ಮನವಿಯ ಕರಡನ್ನು ಕಾರ್ಯದರ್ಶಿಗಳ ಮೇಜಿನ ಮೇಲಿಟ್ಟಿದ್ದೇನೆ. ಚಹಾಕ್ಕೆ ಏಳುವ ಮುನ್ನ ತಾವೆಲ್ಲ ಅದನ್ನೊಮ್ಮೆ ಓದಿ, ಒಪ್ಪಿಗೆಯಾದರೆ ಸಹಿ ಹಾಕಬೇಕೆಂದು ಕೋರುತ್ತೇನೆ.