ಮೊಡವೆಗೆ ವಿಟಮಿನ್ ಮಾತ್ರೆ ತಗೊಳ್ಳೋಕೆ ಮುಂಚೆ ಇದನ್ನ ಕೇಳಿ

ಇವತ್ತಿನ ವಿಷಯ ಮೊಡವೆ ಮತ್ತು ವಿಟಮಿನ್. ರೀಲ್ಸ್ ತೆರೆದ್ರೆ ಒಬ್ಬರು ಬಯೋಟಿನ್ ಡಬ್ಬಿ ಹಿಡ್ಕೊಂಡಿರ್ತಾರೆ. ಇನ್ನೊಬ್ಬರು ಹಸಿರು ಬಣ್ಣದ ವಿಟಮಿನ್ ಇ ಕ್ಯಾಪ್ಸೂಲಿಗೆ ಸೂಜಿ ಚುಚ್ಚಿ ಮುಖಕ್ಕೆ ಸವರ್ತಾ ಇರ್ತಾರೆ.

ಮೊದಲು ಒಂದು ಮಾತು. ಮೊಡವೆ ಬರೋದು ವಿಟಮಿನ್ ಕೊರತೆಯಿಂದ ಅಲ್ಲ. ಹರೆಯದಲ್ಲಿ ಹಾರ್ಮೋನ್ ಏರಿದಾಗ ಚರ್ಮದ ಎಣ್ಣೆ ಗ್ರಂಥಿಗಳು ಹೆಚ್ಚು ಜಿಡ್ಡು ಸುರಿಸುತ್ತವೆ, ಸತ್ತ ಜೀವಕೋಶಗಳು ಕೂದಲಿನ ರಂಧ್ರಕ್ಕೆ ಬಿರಡೆ ಹಾಕುತ್ತವೆ, ಒಳಗಿರೋ ಬ್ಯಾಕ್ಟೀರಿಯಾ ಬೆಳೆದು ಊತ ತರುತ್ತವೆ. ಹಾಗಿದ್ದ ಮೇಲೆ ಅಂಟಂಟು ವಿಟಮಿನ್ ಇ ಎಣ್ಣೆಯನ್ನ ಅದರ ಮೇಲೆ ಹಚ್ಚಿ ಏನು ಪ್ರಯೋಜನ? ಕೆಲವರಿಗೆ ಅದರಿಂದ ಅಲರ್ಜಿಯಾಗಿ ಮುಖ ಕೆಂಪಾಗೋದೂ ಉಂಟು. ಬಯೋಟಿನ್ ಮೊಡವೆ ಕಮ್ಮಿ ಮಾಡುತ್ತೆ ಅನ್ನೋಕೆ ಗಟ್ಟಿ ಪುರಾವೆ ಇಲ್ಲ. ಹೆಚ್ಚು ಡೋಸ್ ತಗೊಂಡ್ರೆ ಥೈರಾಯ್ಡ್ ರಕ್ತಪರೀಕ್ಷೆಯ ರಿಪೋರ್ಟೇ ತಪ್ಪಾಗಿ ಬರಬಹುದು.

ಬಿ12 ವಿಷಯ ಸ್ವಲ್ಪ ವಿಚಿತ್ರ. ಸುಸ್ತು ಅಂತ ಬಿ12 ಇಂಜೆಕ್ಷನ್ ತಗೊಂಡ ಕೆಲವರಿಗೆ ಮೊಡವೆ ಏಳೋದನ್ನ ವೈದ್ಯರು ಬಹಳ ಹಿಂದೆಯೇ ಗಮನಿಸಿದ್ರು. 2015ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಕಾರಣ ಮುಂದಿಟ್ಟರು: ಚರ್ಮಕ್ಕೆ ಬಿ12 ಹೆಚ್ಚು ಸಿಕ್ಕಾಗ ಅಲ್ಲಿರೋ ಬ್ಯಾಕ್ಟೀರಿಯಾ ತಾವು ಬಿ12 ತಯಾರಿಸೋದನ್ನ ತಗ್ಗಿಸಿ, ಊತ ತರಿಸೋ ಪಾರ್ಫಿರಿನ್ ಅನ್ನೋ ವಸ್ತುವನ್ನ ಹೆಚ್ಚು ಮಾಡುತ್ತವೆ. ಇಂಜೆಕ್ಷನ್ ತಗೊಂಡ 10 ಜನರಲ್ಲಿ ಮೊಡವೆ ಬಂದದ್ದು ಒಬ್ಬರಿಗೆ ಮಾತ್ರ. ಚಿಕ್ಕ ಅಧ್ಯಯನ. ಅದಕ್ಕೇ ಹೇಳ್ತೀನಿ, ನೀವು ಸಸ್ಯಾಹಾರಿ, ರಿಪೋರ್ಟಲ್ಲಿ ಬಿ12 ಕಮ್ಮಿ ಇದೆ ಅಂದ್ರೆ ಮುಖದ ಚಿಂತೆಗೆ ಅದನ್ನ ನಿಲ್ಲಿಸಬೇಡಿ. ನರಗಳಿಗೆ ಅದು ಬೇಕೇ ಬೇಕು. ಕೊರತೆ ಇಲ್ಲದೆ ಸುಮ್ಮನೆ ಚುಚ್ಚಿಸಿಕೊಳ್ಳೋರು ಮಾತ್ರ ಯೋಚನೆ ಮಾಡಿ.

ಬಿ3 ಅಂದ್ರೆ ನಯಾಸಿನಮೈಡ್. ಸೀರಮ್ ರೂಪದಲ್ಲಿ ಸಣ್ಣಪುಟ್ಟ ಮೊಡವೆಗೆ ಸ್ವಲ್ಪ ಸಹಾಯ ಮಾಡುತ್ತೆ, ಅಷ್ಟೇ.

ನಿಜವಾಗಿ ಕೆಲಸ ಮಾಡೋದು ವಿಟಮಿನ್ ಎ ಕುಟುಂಬದ ಔಷಧಿಗಳು, ರೆಟಿನಾಯ್ಡ್‌ಗಳು. ಅಡಪಲೀನ್, ಟ್ರೆಟಿನಾಯಿನ್ ಜೆಲ್ಲುಗಳು ಆ ಬಿರಡೆ ಕಟ್ಟಿಕೊಳ್ಳದ ಹಾಗೆ ನೋಡಿಕೊಳ್ಳುತ್ತವೆ. ರಾತ್ರಿ ಕಡಲೆಕಾಳಿನಷ್ಟು ತಗೊಂಡು ಇಡೀ ಮುಖಕ್ಕೆ ತೆಳುವಾಗಿ ಹಚ್ಚಬೇಕು, ಹಗಲು ಸನ್‌ಸ್ಕ್ರೀನ್. ಮೊದಲ ವಾರಗಳಲ್ಲಿ ಚರ್ಮ ಒಣಗಿ ಸಿಪ್ಪೆ ಏಳುತ್ತೆ, ಫಲ ಕಾಣೋಕೆ 8ರಿಂದ 12 ವಾರ. ಮೂರನೇ ದಿನಕ್ಕೇ ಬಿಟ್ಟುಬಿಡೋರೇ ಜಾಸ್ತಿ!

ಇನ್ನು ಐಸೊಟ್ರೆಟಿನಾಯಿನ್ ಮಾತ್ರೆ. 1982ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ತು, ತೀವ್ರ ಮೊಡವೆಗೆ ಇದರಷ್ಟು ಬಲವಾದ ಔಷಧಿ ಇನ್ನೊಂದಿಲ್ಲ. ಆದರೆ ನಮ್ಮ ಹಾಸ್ಟೆಲ್, ಪಿಜಿಗಳಲ್ಲಿ ರೂಮ್‌ಮೇಟ್ ಉಳಿಸಿದ ಸ್ಟ್ರಿಪ್ ಇನ್ನೊಬ್ಬರ ಕೈಗೆ ಹೋಗುತ್ತಲ್ಲ, ಭಯ ಅದೇ. ಇದನ್ನ ತಗೊಳ್ಳುವಾಗ ಗರ್ಭಿಣಿಯಾದರೆ ಮಗುವಿನ ಮೆದುಳು, ಹೃದಯ, ಮುಖಕ್ಕೆ ಗಂಭೀರ ತೊಂದರೆ ಆಗಬಹುದು. ಮದುವೆಯಾಗಿದೆಯೋ ಇಲ್ಲವೋ, ಡಾಕ್ಟರ್ ಗರ್ಭ ಪರೀಕ್ಷೆ ಕೇಳಿದರೆ ಬೇಜಾರು ಮಾಡ್ಕೋಬೇಡಿ. ಮಾತ್ರೆ ನಿಲ್ಲಿಸಿದ ಮೇಲೂ ಕನಿಷ್ಠ ಒಂದು ತಿಂಗಳು ಗರ್ಭ ಧರಿಸಬಾರದು. ಲಿವರ್, ಕೊಬ್ಬಿನ ರಕ್ತಪರೀಕ್ಷೆ ಎಲ್ಲರಿಗೂ ಬೇಕು. ಮನಸ್ಸು ಕುಗ್ಗಿದಂತೆ ಅನ್ನಿಸಿದರೆ ಡಾಕ್ಟರಿಗೆ ತಕ್ಷಣ ಹೇಳಿ. ಇದರ ಜೊತೆ ವಿಟಮಿನ್ ಎ ಮಾತ್ರೆ ಬೇಡ, ಎರಡರ ಅಡ್ಡಪರಿಣಾಮ ಕೂಡಿಕೊಳ್ಳುತ್ತೆ. ಮೊಡವೆಗೇ ಕೊಡೋ ಡಾಕ್ಸಿಸೈಕ್ಲಿನ್ ಕೂಡ ಬೇಡ, ತಲೆಬುರುಡೆಯೊಳಗೆ ಒತ್ತಡ ಏರಬಹುದು.

ಕ್ಯಾರೆಟ್ ತಿಂದ್ರೆ ಆಗಲ್ವಾ ಅಂತ ಕೇಳ್ತೀರಿ. ತಿನ್ನಿ, ಕಣ್ಣಿಗೆ ಒಳ್ಳೇದು. ಮೊಡವೆಗೆ ಮಾತ್ರ ಜೆಲ್ ಬೇಕಾಗುತ್ತೆ.